ಎರಡು ಪರಾತದ ಉಂಡಿ

ಮಸ್ಕಿಯಲ್ಲಿ ಇವತ್ತಿಗೂ ವೀರಭದ್ರಮ್ಮನ ಹೆಸರು ತೆಗೆದರೆ ಅರ್ಧ ಜನ ‘ಕಲ್ಲು ಮನಸ್ಸಿನ ಹೆಂಗಸು’ ಎನ್ನುತ್ತಾರೆ. ಉಳಿದರ್ಧ ಜನ ಆಕೆಯನ್ನು ಒಯ್ದು ದೇವರ ಪಕ್ಕದಲ್ಲೇ ಕೂರಿಸಿಬಿಡುತ್ತಾರೆ. ಎರಡನ್ನೂ ಕೇಳಿ ಕೇಳಿ ನನಗೆ ಸಾಕಾಗಿದೆ. ನಾನು ಆಕೆಯ ಪಕ್ಕದ ಮನೆಗೆ ಸೊಸೆಯಾಗಿ ಬಂದವಳು. ನಡುವಿನ ಗೋಡೆ ಎಷ್ಟು ಗಿಡ್ಡ ಇತ್ತೆಂದರೆ ಆಕೆ ಒಗ್ಗರಣೆ ಹಾಕಿದರೆ ಇತ್ತ ನಾನು ಸೀನುತ್ತಿದ್ದೆ. ಆಕೆ ಕಲ್ಲೂ ಅಲ್ಲ, ದೇವರೂ ಅಲ್ಲ. ಮೂಗಿನ ಮೇಲೆ ಸಿಟ್ಟು ಇಟ್ಟುಕೊಂಡಿದ್ದ, ಸಾರಿಗೆ ಉಪ್ಪು ತುಸು ಹೆಚ್ಚೇ ಹಾಕುತ್ತಿದ್ದ ಹೆಂಗಸು.

ಗಂಡ ತೀರಿಕೊಂಡ ಮೇಲೆ ಮಠದ ದಾಸೋಹದ ಒಲೆ ಆಕೆಯ ಕೈಗೆ ಬಂತು. ಊರೊಳಗೆ ಯಾರ ಕಟ್ಟೆಯ ಮೇಲೆ ಯಾರು ಕೂರಬೇಕು, ಯಾರು ಕೂರಬಾರದು ಎಂಬುದಕ್ಕೆ ಸಾವಿರ ಕಟ್ಟಳೆ ಇದ್ದ ಕಾಲ ಅದು. ವೀರಭದ್ರಮ್ಮನೂ ಅದಕ್ಕೆ ಹೊರತಲ್ಲ. ಹೊರಗೆ ಹೋದರೆ ಬೇರೆ ಜಾತಿಯವರ ಮನೆಯಲ್ಲಿ ಗುಟುಕು ನೀರು ಮುಟ್ಟುತ್ತಿರಲಿಲ್ಲ. ಆದರೆ ಮಠದ ಅಂಗಳದಲ್ಲಿ ಒಂದೇ ಕಟ್ಟಳೆ. ಸಾಲಿನಲ್ಲಿ ಕೂತವರಿಗೆಲ್ಲ ಒಂದೇ ಊಟ, ಎಲ್ಲರೂ ಒಟ್ಟಿಗೇ ಕೈ ಹಚ್ಚಬೇಕು, ಒಬ್ಬರು ಸುಮ್ಮನೆ ಕೂತಿದ್ದರೂ ಉಳಿದವರು ತುತ್ತು ಎತ್ತುವಂತಿಲ್ಲ. ಪಂಕ್ತಿಭೇದ ಮಾಡಿದ ಕೈಗೆ ಹುಳ ಬೀಳುತ್ತದೆ ಎಂದು ಆಕೆ ನಂಬಿದ್ದಳು. ಒಮ್ಮೆ ಸಿಂಧನೂರಿನ ಸಾಹುಕಾರನೊಬ್ಬ ಹುಗ್ಗಿಗೆ ತನಗೊಬ್ಬನಿಗೇ ತುಪ್ಪ ಹಾಕು ಎಂದು ಕಣ್ಸನ್ನೆ ಮಾಡಿದ. ಈಕೆ ಮಾತಾಡದೆ ಒಳಗೆ ಹೋಗಿ ತುಪ್ಪದ ಗಡಿಗೆ ತಂದವಳೇ ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಎಲ್ಲರಿಗೂ ಸುರಿದಳು. ತಿಂಗಳಿಗೆ ಇಟ್ಟಿದ್ದ ತುಪ್ಪ ಅವತ್ತೇ ಮುಗಿಯಿತು.

ಆಕೆಯ ತವರಿನ ರಕ್ತದಲ್ಲಿ ಒಂದು ಬೇನೆ ಇತ್ತು. ಗಾಯವಾದರೆ ರಕ್ತ ನಿಲ್ಲುತ್ತಿರಲಿಲ್ಲ. ಗಾಯವಿಲ್ಲದಿದ್ದರೂ ಮೊಣಕಾಲಿನೊಳಗೆ ಸೋರಿ ಕಾಲು ಕುಂಬಳಕಾಯಿಯ ಹಾಗೆ ಬಾಯುತ್ತಿತ್ತು. ಗಂಡುಮಕ್ಕಳಿಗೆ ಮಾತ್ರ ಬರುತ್ತಿತ್ತು. ಹೆಣ್ಣುಮಕ್ಕಳು ತಾವು ಗಟ್ಟಿಮುಟ್ಟಾಗಿದ್ದು ತಮ್ಮ ಹೊಟ್ಟೆಯ ಗಂಡುಮಕ್ಕಳಿಗೆ ದಾಟಿಸುತ್ತಿದ್ದರು. ವೀರಭದ್ರಮ್ಮನ ತಮ್ಮ ಚಿಕ್ಕವನಿದ್ದಾಗ ನಾಲಿಗೆ ಕಚ್ಚಿಕೊಂಡ. ಯಾರೋ ಬೈರಾಗಿ ಬೂದಿ ಹಚ್ಚಿದ, ರಕ್ತ ನಿಂತಿತು. ಮುಂದೆ ಅವನ ಹಲ್ಲು ಬಿದ್ದು ರಕ್ತ ಸುರಿಯತೊಡಗಿದಾಗ ಗಾಡಿ ಕಟ್ಟಿ ದವಾಖಾನೆಗೆ ಒಯ್ಯೋಣ ಎಂದವರೂ ಇದ್ದರು. ಬೂದಿ ಇದೆಯಲ್ಲ ಎಂದು ಮನೆಯವರು ಅದೇ ಬೈರಾಗಿಯನ್ನು ಹುಡುಕುತ್ತ ಊರೂರು ತಿರುಗಿದರು. ಬೈರಾಗಿ ಸಿಕ್ಕ, ಬೂದಿಯೂ ಸಿಕ್ಕಿತು, ಅಷ್ಟರಲ್ಲಿ ಹುಡುಗ ಹೋಗಿದ್ದ.

ವೀರಭದ್ರಮ್ಮನಿಗೆ ಇದ್ದವಳು ಒಬ್ಬಳೇ ಮಗಳು, ಜಂಬಮ್ಮ. ಆಕೆಯನ್ನು ಗೊರೇಬಾಳಕ್ಕೆ ಕೊಟ್ಟಿತ್ತು. ಕಾಲುವೆ ನೀರು ಬಂದು ಜೋಳದ ಹೊಲಗಳು ಭತ್ತದ ಗದ್ದೆಗಳಾಗುತ್ತಿದ್ದ ವರ್ಷಗಳು. ಜಂಬಮ್ಮನ ಮನೆಯಲ್ಲಿ ಕೂಡ ಮೊದಲ ಸಲ ಅಕ್ಕಿ ಚೀಲ ಪೇರಿಸಿಟ್ಟಿದ್ದರು. ಅದೇ ಮನೆಯಲ್ಲಿ ಅವಳ ಮಗ ಆದೆಪ್ಪ ಬಾತ ಮೊಣಕಾಲಿಗೆ ತಣ್ಣೀರು ಬಟ್ಟೆ ಸುತ್ತಿಕೊಂಡು ಮಲಗಿರುತ್ತಿದ್ದ. ಏಳು ವರ್ಷದ ಹುಡುಗ. ನೋವಾದರೆ ಅಳುತ್ತಿರಲಿಲ್ಲ, ತಾಯಿಯ ಸೆರಗು ಬಾಯಲ್ಲಿ ಕಚ್ಚಿಕೊಳ್ಳುತ್ತಿದ್ದ.

ಅರವತ್ಮೂರನೇ ಇಸವಿಯಲ್ಲಿ ಲಿಂಗಸುಗೂರಿಗೆ ಯಂಕೋಬರಾವ್ ಎಂಬ ಡಾಕ್ಟರು ಬಂದರು. ಹೈದರಾಬಾದಿನಲ್ಲಿ ಓದಿದ ಸಣಕಲು ಮನುಷ್ಯ. ಆದೆಪ್ಪನನ್ನು ನೋಡಿದ ಮೇಲೆ ಅವರು ಇಂಥ ಬೇನೆಯ ಮಕ್ಕಳು ಇನ್ನೂ ಎಲ್ಲೆಲ್ಲಿ ಇದ್ದಾರೆ ಎಂದು ಸಿಂಧನೂರು, ಮುಕ್ಕುಂದ, ಗುರುಗುಂಟಾ ಎಲ್ಲ ತಿರುಗಿ ಹದಿನಾಲ್ಕು ಹುಡುಗರನ್ನು ಹುಡುಕಿ ತೆಗೆದರು. ಪರದೇಶದಲ್ಲಿ ಇದೇ ರೋಗದ ಒಬ್ಬ ಮನುಷ್ಯ ಶೇಂಗಾ ತಿಂದಾಗಲೆಲ್ಲ ರಕ್ತ ಕಡಿಮೆ ಸೋರಿತೆಂದು ಅವರು ವೈದ್ಯಪತ್ರಿಕೆಯಲ್ಲಿ ಓದಿದ್ದರಂತೆ. ಶೇಂಗಾ! ನಮ್ಮ ಸೀಮೆಯ ಶೇಂಗಾ! ಸುದ್ದಿ ಕೇಳಿ ನನ್ನ ಮಾವನವರು ಮೀಸೆ ತಿರುವಿದ್ದನ್ನು ನೋಡಬೇಕಿತ್ತು, ಶೇಂಗಾ ಕಂಡುಹಿಡಿದವರು ಅವರೇ ಎನ್ನುವ ಹಾಗೆ.

ಆದರೆ ಡಾಕ್ಟರ ಏರ್ಪಾಡು ವಿಚಿತ್ರವಾಗಿತ್ತು. ಅರ್ಧ ಹುಡುಗರಿಗೆ ಶೇಂಗಾ ಉಂಡಿ, ಅರ್ಧ ಹುಡುಗರಿಗೆ ಪುಠಾಣಿ, ಅಂದರೆ ಹುರಿಗಡಲೆ, ಹಿಟ್ಟಿನ ಉಂಡಿ. ನೋಡಲು, ತಿನ್ನಲು ಎರಡೂ ಒಂದೇ ಥರ ಇರಬೇಕು. ಯಾರಿಗೆ ಯಾವುದೆಂದು ಚೀಟಿ ಎತ್ತಿ ಗೊತ್ತುಮಾಡಬೇಕು; ಅದು ತಾಯಂದಿರಿಗೂ ಗೊತ್ತಾಗಬಾರದು, ಸ್ವತಃ ಡಾಕ್ಟರಿಗೂ ಗೊತ್ತಾಗಬಾರದು. ಒಂದು ವರ್ಷ ಯಾವ ಹುಡುಗನೂ ಮನೆಯಲ್ಲಿ ಶೇಂಗಾ ತಿನ್ನಬಾರದು. ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಇಲ್ಲದೆ ರೊಟ್ಟಿ ಗಂಟಲಿಗೆ ಇಳಿಯದ ನಾಡಿನಲ್ಲಿ ಇದು ಸಣ್ಣ ಮಾತಲ್ಲ. ಆದರೂ ತಾಯಂದಿರು ಒಪ್ಪಿದರು. ಬೇರೆ ದಾರಿ ಯಾವುದಿತ್ತು?

ಮಸ್ಕಿ ಲಿಂಗಸುಗೂರು, ಸಿಂಧನೂರು ಎರಡೂ ಕಡೆಯವರಿಗೆ ನಡುವಿನ ಊರು. ಸಂತೆಗೆ ಹೇಗೂ ಬರುತ್ತಿದ್ದರು, ಸಂತೆಯ ದಿನ ಮಠದ ಅಂಗಳದಲ್ಲಿ ಹುಡುಗರನ್ನು ಕೂಡಿಸುವುದು ಎಂದಾಯಿತು. ಅಲ್ಲೇ ಒಂದು ಉಂಡಿ ತಿಂದು, ವಾರಕ್ಕಾಗುವಷ್ಟು ಡಬ್ಬಿಯಲ್ಲಿ ಒಯ್ಯುವುದು. ಪರಾತ ಎಂಬ ಅಗಲ ತಟ್ಟೆಯಲ್ಲಿ ಹಿಟ್ಟು ಕಲಸಿ ಕಟ್ಟುವವಳು ವೀರಭದ್ರಮ್ಮ. ಪುಠಾಣಿಗೂ ಶೇಂಗಾದ ವಾಸನೆ ಬರಲಿ ಎಂದು ಆಕೆ ಅದಕ್ಕೆ ಶೇಂಗಾ ಎಣ್ಣೆ ಹಾಕಿ ಹುರಿದಳು; ಎಣ್ಣೆಯಲ್ಲಿ ತಾವು ಹುಡುಕುತ್ತಿರುವುದು ಇರುವುದಿಲ್ಲ, ನಡೆಯುತ್ತದೆ ಎಂದರು ಡಾಕ್ಟರು. ಬೆಲ್ಲ, ಶುಂಠಿ, ಏಲಕ್ಕಿ ಬಿದ್ದ ಮೇಲೆ ಎರಡರಲ್ಲಿ ಯಾವುದು ಯಾವುದೆಂದು ನನ್ನ ನಾಲಿಗೆಗೂ ತಿಳಿಯಲಿಲ್ಲ. ನನ್ನ ನಾಲಿಗೆ ಸಾಮಾನ್ಯದ್ದಲ್ಲ.

ದೀಪಾವಳಿಯ ಹೊತ್ತಿಗೆ ಡಾಕ್ಟರು ಬಂದು, “ಹುಡುಗರಾಗ ಏನೂ ಫರಕ್ ಕಾಣವಲ್ದು” ಎಂದು ಚಿಂತೆಯಲ್ಲಿ ಕೂತಾಗ ವೀರಭದ್ರಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಮುಖದಲ್ಲಿ ಪುಣ್ಯದ ಕೆಲಸ ಮಾಡಿದ ಕಳೆ.

“ಸಾಹೇಬ್ರ, ನೀವೇನು ಕಾಳಜಿ ಮಾಡಬ್ಯಾಡ್ರಿ. ನಿಮ್ಮ ತಲಿಮ್ಯಾಲ ಪಾಪ ಬರಗೊಟ್ಟಿಲ್ಲ ನಾ. ಎರಡೂ ಹಿಟ್ಟು ಒಂದ ಪರಾತದಾಗ ಕೂಡಿಸಿ ಕಟ್ಟಾಕತ್ತೀನಿ. ಎಲ್ಲಾ ಹುಡುಗ್ರಿಗೂ ಸಮಾ.”

ಡಾಕ್ಟರು ಆಕೆಯನ್ನೇ ನೋಡಿದರು. “ಯಾವಾಗಿಂದ?”

“ಮೊದಲನೇ ಸಂತಿಯಿಂದ್ರಿ. ಒಂದ ಸಾಲಿನಾಗ ಕುಂತ ಕೂಸುಗಳಿಗೆ ಒಬ್ಬಗೊಂದು ಒಬ್ಬಗೊಂದು ಹೆಂಗ ಕೊಡ್ಲಿ? ಕೈ ಏಳಲಿಲ್ಲ.”

ನಾವೆಲ್ಲ ತಲೆಯಾಡಿಸಿದೆವು. ಸರಿಯಾಗಿಯೇ ಮಾಡಿದ್ದಾಳೆ ಎಂದೇ ನನಗೂ ಅನ್ನಿಸಿತ್ತು. ಡಾಕ್ಟರು ಮಾತ್ರ ಕೂತಲ್ಲೇ ಎರಡೂ ಕೈಯಿಂದ ಮುಖ ಉಜ್ಜಿಕೊಂಡು, “ಹಾಂಗಾದ್ರ ಇಷ್ಟು ತಿಂಗಳು ನಾವು ಬರೇ ತಿಂಡಿ, ಫರಾಳ ಹಂಚೀವಿ, ಅಮ್ಮಾವ್ರ” ಎಂದರು. ನನಗೆ ನಗು ಬಂತು. ಅವರ ಮುಖ ನೋಡಿ ನುಂಗಿಕೊಂಡೆ.

ಅವರು ಬೈಯಲಿಲ್ಲ. ಆಕೆಯ ತಮ್ಮನ ಕಥೆ ಅವರಿಗೆ ಗೊತ್ತಿತ್ತು. “ಅಮ್ಮಾವ್ರ, ನಿಮ್ಮ ತಮ್ಮಗ ಮೊದಲ ಸಲ ಬೂದಿಯಿಂದನ ರಕ್ತ ನಿಂತಿತ್ತೇನು?” ಎಂದು ಕೇಳಿದರು.

“ಯಾರಿಗ್ಗೊತ್ತರೀ.”

“ಯಾರಿಗೂ ಗೊತ್ತಿಲ್ಲ. ಇದು ಒಮ್ಮೊಮ್ಮೆ ತಾನಾಗೇ ನಿಲ್ಲತೈತಿ. ಬೂದಿ ಹಚ್ಚದ ಹುಡುಗ ಒಬ್ಬ ಬಾಜೂಕ ಇದ್ದಿದ್ರ ಗೊತ್ತಾಗತಿತ್ತು. ಬೂದಿ ಸುಳ್ಳು ಅಂತ ಗೊತ್ತಾಗಿದ್ರ ಎರಡನೇ ಸಲ ನೀವು ಗಾಡಿ ಕಟ್ಟತಿದ್ರಿ. ನಾನು ಶೇಂಗಾನ ಇನ್ನೊಂದು ಬೂದಿ ಮಾಡಬಾರದು. ಅದಕ್ಕ ಈ ಭೇದ.”

ವೀರಭದ್ರಮ್ಮ ಒಳಗೆ ಹೋದವಳು ಅವತ್ತು ಊಟ ಮಾಡಲಿಲ್ಲ. ನಾನು ಕರೆದರೆ ನನಗೇ ರೇಗಿದಳು. ಮುಂದಿನ ಸಂತೆಗೆ ಡಾಕ್ಟರು ಬಂದಾಗ ಬಾಗಿಲಲ್ಲೇ ನಿಂತಿದ್ದಳು.

“ಎರಡು ಪರಾತ ಇಡತೀನ್ರಿ. ಆದ್ರ ನನ್ನ ಮೊಮ್ಮಗನ ಚೀಟಿನೂ ಎಲ್ಲಾರ ಜೋಡಿನ ಎತ್ತಬೇಕು. ನನ್ನ ಕೂಸು ಅಂತ ಬಾಜೂಕ ಇಟ್ರ ನಾ ಒಲಿ ಮುಟ್ಟಂಗಿಲ್ಲ.”

ತಮಗೂ ಗೊತ್ತಾಗಬಾರದೆಂದು ಯಂಕೋಬರಾವ್ ರಾಯಚೂರಿನಿಂದ ಇನ್ನೊಬ್ಬ ಡಾಕ್ಟರನ್ನು ಕರೆಸಿದರು. ಅವರು ಅಡುಗೆಮನೆಯೊಳಗೆ ಚೀಟಿ ಎತ್ತಿ, ಯಾವ ಹುಡುಗನಿಗೆ ಯಾವುದೆಂದು ಆಕೆಗೊಬ್ಬಳಿಗೇ ಹೇಳಿ ಹೋದರು. ನಾನು ಗೋಡೆಯ ಮೇಲೆ ಕತ್ತು ಹಾಕಿ ಆಕೆಯ ಮುಖ ನೋಡಿದೆ, ಏನಾದರೂ ತಿಳಿದೀತೆಂದು. ಆಕೆ ಒಲೆಯ ಮುಂದೆ ಕೂತು ಬೂದಿ ತೆಗೆಯುತ್ತಿದ್ದಳು. ಅವತ್ತಿನಿಂದ ಶೇಂಗಾ ಸಿಪ್ಪೆ ಬಿಡಿಸಲು ನಾನು ಬೇಕು, ಬೆಲ್ಲ ಕುಟ್ಟಲು ನಾನು ಬೇಕು, ಡಬ್ಬಿ ತುಂಬುವ ಹೊತ್ತಿಗೆ ಮಾತ್ರ ನನ್ನನ್ನು ಹೊರಗಟ್ಟಿ ಅಗಳಿ ಹಾಕುತ್ತಿದ್ದಳು. ಎಷ್ಟು ಸಿಟ್ಟು ಬರುತ್ತಿತ್ತೆಂದು ಏನು ಹೇಳಲಿ!

ಸಾಲಿನಲ್ಲಿ ಆದೆಪ್ಪನ ಪಕ್ಕ ಯಾವಾಗಲೂ ದುರುಗಪ್ಪ ಕೂರುತ್ತಿದ್ದ. ಗುರುಗುಂಟಾದ ಕುರಿ ಕಾಯುವವರ ಹುಡುಗ, ಗದ್ದೆಮ್ಮನ ಮಗ. ಗದ್ದೆಮ್ಮ ಗಂಡನಿಲ್ಲದವಳು, ಇವನೊಬ್ಬನೇ ಅವಳಿಗೆ. ಅವನು ಸಂತೆಗೆ ಬರುವಾಗ ಆದೆಪ್ಪನಿಗೆಂದು ಜೇಬು ತುಂಬ ಬಾರಿಹಣ್ಣು ತರುತ್ತಿದ್ದ. ಇಬ್ಬರೂ ತಮ್ಮ ಬಾತ ಮೊಣಕಾಲುಗಳನ್ನು ಪಕ್ಕಪಕ್ಕ ಇಟ್ಟು ಯಾರದು ದೊಡ್ಡದು ಎಂದು ಪಂದ್ಯ ಕಟ್ಟುತ್ತಿದ್ದರು. ನೋಡುವವರು ಮುಖ ತಿರುಗಿಸುತ್ತಿದ್ದರು, ಹುಡುಗರು ಮಾತ್ರ ನಗುತ್ತಿದ್ದರು.

ಬೇಸಿಗೆಯಲ್ಲಿ ಆದೆಪ್ಪನ ಮೊಣಕಾಲು ಹಿಂದೆಂದೂ ಬಾಯದಷ್ಟು ಬಾತಿತು. ಜಂಬಮ್ಮ ಅವನನ್ನು ಮಸ್ಕಿಗೇ ತಂದು ಮಲಗಿಸಿದಳು. ಹುಡುಗ ಸೆರಗು ಕಚ್ಚಿ ಕಚ್ಚಿ ಹರಿದಿದ್ದ. ತಾಯಿ ಮಗಳ ಮಾತು ಗೋಡೆಯ ಈಚೆ ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು.

“ಅವ್ವಾ, ಇವಗ ಖಾಲಿ ಉಂಡಿ ತಿನಿಸಾಕತ್ತಿದ್ರ ಹೇಳಬೇ. ಯಾರಿಗೂ ಅನ್ನಂಗಿಲ್ಲ. ನಾ ಮನ್ಯಾಗ ಗುಪ್‌ಚಿಪ್ ಒಂದೀಟು ಶೇಂಗಾ ಹುರದು ಕೊಡತೀನಿ.”

“ಕೊಟ್ಟಿ ಅಂದ್ರ ನನ್ನ ಹೊಸ್ತಲ ತುಳೀಬ್ಯಾಡ.”

“ನಿನ್ನ ರಕ್ತಬೇ ಇದು! ನಿನ್ನಿಂದ ನನಗ ಬಂತು, ನನ್ನಿಂದ ಅವಗ ಹೋತು. ಕೊಟ್ಟಾಕಿ ನೀ. ಅವಗ ದವಾ ಕೊಡಾಕ ಮಾತ್ರ ಮನಸ್ಸಿಲ್ಲೇನು ನಿನಗ?”

ವೀರಭದ್ರಮ್ಮ ಹಿತ್ತಲಿಗೆ ಹೋಗಿ ಒರಳಿನಲ್ಲಿ ಕುಟ್ಟತೊಡಗಿದಳು, ಧಬ್ ಧಬ್ ಎಂದು. ನಾನು ಗೋಡೆಯ ಮೇಲಿಂದ ನೋಡಿದೆ. ಒರಳಿನಲ್ಲಿ ಏನೂ ಇರಲಿಲ್ಲ. ಬರಿ ಒರಳನ್ನು ಕುಟ್ಟುತ್ತಿದ್ದಳು. ಜಂಬಮ್ಮ ಅವತ್ತಿನಿಂದ ತಾಯಿಯ ಜೊತೆ ಮಾತು ಬಿಟ್ಟಳು. ಸಂತೆಗೆ ಬಂದರೂ ಡಬ್ಬಿ ಇಸಿದುಕೊಂಡು ಮುಖ ತಿರುಗಿಸಿ ಹೋಗುತ್ತಿದ್ದಳು.

ಮಳೆಗಾಲ ಹಿಡಿಯುವ ಮೊದಲು ದುರುಗಪ್ಪ ಸತ್ತ. ಮರಿಯ ಹಿಂದೆ ಓಡುತ್ತ ಬಂಡೆಯ ಮೇಲಿಂದ ಜಾರಿ ತಲೆಗೆ ಪೆಟ್ಟಾಯಿತು. ಹೊರಗೆ ಒಂದು ಹನಿ ರಕ್ತ ಕಾಣಲಿಲ್ಲ. ಡಾಕ್ಟರು ಎಲ್ಲರಿಗೂ ಹೇಳಿದ್ದಂತೆ ಗದ್ದೆಮ್ಮ ಒಂದು ಗಳಿಗೆ ತಡ ಮಾಡದೆ ಅವನನ್ನು ಬೆನ್ನ ಮೇಲೆ ಹೊತ್ತು ಲಿಂಗಸುಗೂರಿಗೆ ಓಡಿದಳು. ಡಾಕ್ಟರು ತಮ್ಮ ಕೈಲಾದದ್ದನ್ನೆಲ್ಲ ಮಾಡಿದರು. ತಲೆಯೊಳಗಿನ ಸೋರಿಕೆಯನ್ನು ನಿಲ್ಲಿಸುವ ಔಷಧ ಅಂದಿನ ದಿನ ಯಾರ ಕೈಯಲ್ಲೂ ಇರಲಿಲ್ಲ.

ಮುಂದಿನ ಸಂತೆಗೆ ಗದ್ದೆಮ್ಮ ಒಬ್ಬಳೇ ಬಂದಳು. ಖಾಲಿ ಡಬ್ಬಿಯನ್ನು ತೊಳೆದು ತಂದಿದ್ದಳು. ಅದನ್ನು ಮಠದ ಕಟ್ಟೆಯ ಮೇಲಿಟ್ಟು ಎಲ್ಲರ ಎದುರಿಗೇ ಕೇಳಿದಳು.

“ಯವ್ವಾ, ಒಂದ ಮಾತು ಹೇಳು. ನನ್ನ ಮಗಗ ಯಾವ ಪರಾತದ್ದು ಕೊಡತಿದ್ದಿ?”

ವೀರಭದ್ರಮ್ಮನ ತುಟಿ ಅಲುಗಿದ್ದನ್ನು ನಾನು ಕಂಡೆ. ಆದರೆ ಹೇಳಿದ್ದು ಇಷ್ಟು: “ಇವತ್ತ ಹೇಳಾಕ ಬರಂಗಿಲ್ಲ ಗದ್ದೆಮ್ಮ. ಹೇಳೋ ದಿನ ನಾನ ನಿನ್ನ ಬಾಗಿಲಿಗೆ ಬರತೀನಿ.”

“ತಿಳೀತು ಬಿಡಯವ್ವಾ” ಎಂದು ಗದ್ದೆಮ್ಮ ಎದ್ದು ಹೋದಳು.

ಜನಕ್ಕೆ ಇಷ್ಟು ಸಾಕಾಯಿತು. ಮುದುಕಿ ತನ್ನ ಮೊಮ್ಮಗನಿಗೆ ನಿಜವಾದದ್ದು ತಿನ್ನಿಸಿ, ಕುರಿ ಕಾಯುವವಳ ಮಗನಿಗೆ ಖಾಲಿಯದು ಕೊಟ್ಟು ಕೊಂದಳು ಎಂಬ ಮಾತು ಹತ್ತಿಕೊಂಡಿತು. ಗುರುಗುಂಟಾ ಕಡೆಯ ಕುರಿಗಾರರು ಮಠದ ಊಟಕ್ಕೆ ಬರುವುದನ್ನೇ ಬಿಟ್ಟರು. ಅವರು ಕೂರುತ್ತಿದ್ದ ಜಾಗ ಸಾಲಿನಲ್ಲಿ ಖಾಲಿ ಕಾಣುತ್ತಿತ್ತು. ಬಡಿಸುವಾಗ ಆಕೆ ಆ ಜಾಗ ಬಂದ ಕೂಡಲೇ ತಲೆ ತಗ್ಗಿಸಿ ದಾಟುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. “ಅತ್ತೀ, ಇರೋದು ಹೇಳಿ ಬಾಯಿ ಮುಚ್ಚಿಸಬಾರದೇನ್ರೀ?” ಎಂದು ಒಂದು ದಿನ ಜೋರಾಗಿಯೇ ಕೇಳಿದೆ.

“ಹೇಳಿದ್ರ ಒಂದೊಂದೇ ಚೀಟಿ ಹೊರಗ ಬೀಳತಾವು. ಉಳಿದ ಹುಡುಗ್ರದೂ ಮತ್ತ ಫರಾಳ ಆಕ್ಕೈತಿ. ನಡಿ, ಬೆಲ್ಲ ಕುಟ್ಟು.”

ಚೀಟಿ ಎತ್ತಿ ವರ್ಷ ತುಂಬಿತು. ರಾಯಚೂರಿನ ಡಾಕ್ಟರು ಬಂದು ಯಾವ ಹುಡುಗನಿಗೆ ಎಷ್ಟು ಸಲ ಬಾತಿತು, ಎಷ್ಟು ಸೋರಿತು ಎಂಬುದನ್ನೆಲ್ಲ ಹೋಲಿಸಿ ನೋಡಿದರು. ಯಂಕೋಬರಾವ್ ಅಂಗಳಕ್ಕೆ ಬಂದು ತಾಯಂದಿರ ಎದುರು ಮಣೆಯ ಮೇಲೆ ಕೂತರು. ಶೇಂಗಾ ತಿಂದವರಿಗೂ ಪುಠಾಣಿ ತಿಂದವರಿಗೂ ಏನೂ ವ್ಯತ್ಯಾಸವಿಲ್ಲ, ಶೇಂಗಾದಲ್ಲಿ ಈ ರೋಗಕ್ಕೆ ಔಷಧವಿಲ್ಲ ಎಂದರು. ಪೆಟ್ಟಾದರೆ ಇಲ್ಲಿಯವರೆಗಿನ ಹಾಗೆಯೇ ಮುಂದೆಯೂ ತಡಮಾಡದೆ ಓಡಿ ಬನ್ನಿ ಎಂದರು. ಸಿಂಧನೂರಿನ ಹುಸೇನ್‌ಬೀ ತನ್ನ ಮಗನನ್ನು ಅಪ್ಪಿಕೊಂಡು ಅತ್ತಳು. ನನಗೂ ಅಳು ಬಂತು. ಎಷ್ಟು ಆಸೆ ಇಟ್ಟುಕೊಂಡಿದ್ದೆವು ಆ ಬಡ ಶೇಂಗಾದ ಮೇಲೆ! ಮುಂದೆ ಬಹಳ ವರ್ಷಗಳ ಮೇಲೆ ದೊಡ್ಡ ಊರುಗಳ ಆಸ್ಪತ್ರೆಗಳಿಗೆ ನಿಜವಾದ ಔಷಧ ಬಂತು. ಅಷ್ಟರವರೆಗೆ ಆದೆಪ್ಪ ಉಳಿದದ್ದು ಉಂಡಿಯಿಂದಲ್ಲ, ಅವನ ತಾಯಿ ಪ್ರತಿ ಸಲವೂ ಓಡಿದ್ದರಿಂದ.

ವೀರಭದ್ರಮ್ಮ ಅಳಲಿಲ್ಲ. ಕೇಳಿದ್ದು ಒಂದೇ: “ಇನ್ನ ಹೇಳಬಹುದೇನ್ರೀ?”

“ಹೇಳ್ರಿ, ಅಮ್ಮಾವ್ರ.”

ಆಕೆ ಒಲೆ ಆರಿಸಿ ಬಸ್ಸಿನ ಕಡೆ ನಡೆದಳು. ತಾಯಿ ಎಲ್ಲಿಗೆ ಹೊರಟಳೆಂದು ಜಂಬಮ್ಮನಿಗೆ ತಿಳಿಯಿತು. ಆದೆಪ್ಪನನ್ನು ನಮ್ಮ ಮನೆಯಲ್ಲಿ ನನ್ನ ಅತ್ತೆಯ ಬಳಿ ಬಿಟ್ಟು ಅವಳೂ ಹಿಂದೆ ಹೊರಟಳು. ಇಬ್ಬರನ್ನೇ ಬಿಡಲು ನನಗೆ ಭಯ. ಭಯ ಎನ್ನುತ್ತೇನೆ, ಕುತೂಹಲವೂ ಇತ್ತು; ನಾನೂ ಬಸ್ಸು ಹತ್ತಿದೆ. ಲಿಂಗಸುಗೂರಿನಲ್ಲಿ ಬಸ್ಸು ಬದಲಿಸಿ ಗುರುಗುಂಟಾ ತಲುಪುವವರೆಗೆ ಒಬ್ಬರೂ ಬಾಯಿ ಬಿಡಲಿಲ್ಲ. ನನ್ನ ಪಾಲಿಗೆ ಅದೇ ದೊಡ್ಡ ಶಿಕ್ಷೆ.

ಗದ್ದೆಮ್ಮ ಕುರಿಹಟ್ಟಿಯ ಮುಂದೆ ಉಣ್ಣೆ ಬಿಡಿಸುತ್ತ ಕೂತಿದ್ದಳು. ನಮ್ಮನ್ನು ಕಂಡು ಏಳಲಿಲ್ಲ. ಅಕ್ಕಪಕ್ಕದ ಗುಡಿಸಲುಗಳಿಂದ ಜನ ಬಂದು ನಿಂತರು. ವೀರಭದ್ರಮ್ಮ ನಿಂತಲ್ಲಿಂದಲೇ ಹೇಳಿದಳು.

“ಹೇಳೋ ದಿನ ಬರತೀನಿ ಅಂದಿದ್ದೆ, ಬಂದೀನಿ. ನಿನ್ನ ಮಗಗ ಶೇಂಗಾ ಉಂಡಿನ ಕೊಟ್ಟೀನಿ, ಗದ್ದೆಮ್ಮ. ಚೀಟಿಯೊಳಗ ಅವಗ ಅದ ಬಂದಿತ್ತು. ಅದರಾಗ ಏನೂ ದವಾ ಇಲ್ಲಂತ ಇವತ್ತ ಹೇಳ್ಯಾರ ಡಾಕ್ಟರು.”

ಗದ್ದೆಮ್ಮ ಕೈಯಲ್ಲಿದ್ದ ಉಣ್ಣೆ ನೋಡುತ್ತಲೇ ಅಂದಳು: “ಈಗ ಹಂಗ ಅಂತಿ. ಸತ್ತಾವ ಬಂದು ಕೇಳತಾನೇನು?”

“ನನ್ನ ಮೊಮ್ಮಗಗ ಪುಠಾಣಿ ಬಂತು. ವರ್ಷ ಪೂರ್ತಿ ಪುಠಾಣಿನ ತಿನಿಸೀನಿ ಅವಗ, ಈ ಕೈಲೆ.”

ಜಂಬಮ್ಮನ ಬಾಯಿಂದ ಬಂದ ಸದ್ದು ನನಗೆ ಈಗಲೂ ಕಿವಿಯಲ್ಲಿದೆ. ಅದು ಅಳುವಲ್ಲ. ಅವಳು ತಾಯಿಯ ಎರಡೂ ರಟ್ಟೆ ಹಿಡಿದು ಅಲುಗಾಡಿಸಿದಳು. “ಗೊತ್ತಿದ್ದೂ? ಮೊಣಕಾಲು ಬಾತು ಅವ ಸೆರಗ ಹರಿಯೋ ಹೊತ್ತಿನಾಗ, ಗೊತ್ತಿದ್ದೂ?”

“ಗೊತ್ತಿದ್ದೂ.”

“ಶೇಂಗಾದಾಗ ದವಾ ಇದ್ದಿದ್ರ?”

ವೀರಭದ್ರಮ್ಮ ಮಗಳ ಕೈ ಬಿಡಿಸಿಕೊಳ್ಳಲಿಲ್ಲ. “ಇದ್ದಿದ್ರ ನಿನಗ ಮಾರಿ ತೋರಸತಿದ್ದಿಲ್ಲಬೇ. ಅದನ್ನ ದಿನಾ ನೆನಿಸೀನಿ. ನೆನಿಸಿಕೋಂತನ ಕಟ್ಟೀನಿ.”

ಜಂಬಮ್ಮ ನೆಲಕ್ಕೆ ಕುಸಿದು ಹಣೆ ಹಣೆ ಬಡಿದುಕೊಂಡಳು. ನಾನು ಹಿಡಿಯಹೋದರೆ ನನ್ನನ್ನು ದೂಡಿದಳು. ಗದ್ದೆಮ್ಮ ಆಗ ತಲೆ ಎತ್ತಿದಳು. ಮುದುಕಿಯನ್ನು ನೋಡಲಿಲ್ಲ, ಜಂಬಮ್ಮನನ್ನು ನೋಡಿದಳು, ಬಹಳ ಹೊತ್ತು. ಹೊರಳಾಡಿ ಅಳುತ್ತಿದ್ದ ಆ ತಾಯಿಯ ಮುಖದಲ್ಲಿ ಸುಳ್ಳಿಗೆ ಜಾಗವೇ ಇರಲಿಲ್ಲ.

“ಹಂಗಾದ್ರ ನನ್ನ ಮಗಗ ಕಡಿಮಿ ಬಡಿಸಿದ್ದಿಲ್ಲ” ಎಂದಳು ಗದ್ದೆಮ್ಮ. ಮಗ ಸತ್ತ ದಿನದಿಂದ ಅತ್ತಿರಲಿಲ್ಲವಂತೆ ಅವಳು. ನೆರೆಯವರು ಆಮೇಲೆ ನನಗೆ ಹೇಳಿದರು. ಅವತ್ತು ಉಣ್ಣೆಯಲ್ಲಿ ಮುಖ ಒತ್ತಿಕೊಂಡು ಅತ್ತಳು.

ಅತ್ತು ಮುಗಿದ ಮೇಲೆ ಒಳಗೆ ಹೋಗಿ ಕಂಬಳಿ ತಂದು ಹಾಸಿದಳು. “ದೂರಿಂದ ಬಂದೀರಿ, ಕುಂದರ್ರಿ” ಎಂದಳು. ನಾಲ್ಕು ತಟ್ಟೆ ತಂದಳು, ಮೂರು ನಮಗೆ, ಒಂದು ತನಗೆ. ಒಂದೊಂದರಲ್ಲೂ ಒಂದು ಜೋಳದ ರೊಟ್ಟಿ, ಒಂದು ಚಿಟಿಕೆ ಶೇಂಗಾ ಹಿಂಡಿ. ಬೇರೆ ಜಾತಿಯವರ ಮನೆಯಲ್ಲಿ ಗುಟುಕು ನೀರೂ ಮುಟ್ಟದ ವೀರಭದ್ರಮ್ಮ ಏನು ಮಾಡುತ್ತಾಳೋ ಎಂದು ನಾನು ಆಕೆಯನ್ನೇ ನೋಡಿದೆ. ಆಕೆ ಕಂಬಳಿಯ ಮೇಲೆ ಗದ್ದೆಮ್ಮನ ಪಕ್ಕದಲ್ಲಿ ಕೂತಳು, ಮಠದ ಸಾಲಿನ ಊಟಕ್ಕೆ ಕೂತಷ್ಟೇ ಸಹಜವಾಗಿ. ಜಂಬಮ್ಮನ ರಟ್ಟೆ ಹಿಡಿದು ನಾನು ಸಾಲಿನ ತುದಿಯಲ್ಲಿ ಕೂರಿಸಿದೆ.

ಜಂಬಮ್ಮ ತಟ್ಟೆ ಮುಟ್ಟಲಿಲ್ಲ. ರೊಟ್ಟಿ ಆರುತ್ತಿತ್ತು. ಬೆಳಗಿನಿಂದ ಏನೂ ತಿನ್ನದ ವೀರಭದ್ರಮ್ಮ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಸುಮ್ಮನೆ ಕಾದಳು. ಗದ್ದೆಮ್ಮನೂ ಕಾದಳು, ಅವಳಿಗೂ ಮಠದ ಸಾಲಿನ ರೂಢಿ ಗೊತ್ತಿತ್ತು. ನನಗೆ ಹಸಿವೆಯೋ ಹಸಿವೆ, ಆದರೂ ಕಾದೆ. ಕುರಿಗಳು ಹಟ್ಟಿಗೆ ಬಂದು ತುಂಬಿಕೊಂಡವು. ಕಡೆಗೆ ಜಂಬಮ್ಮ ತಾಯಿಯ ಕಡೆ ನೋಡದೆ ಕೈ ಚಾಚಿ ಒಂದು ತುಣುಕು ರೊಟ್ಟಿ ಮುರಿದಳು. ಆಮೇಲೆ ನಾವೂ ಮುರಿದೆವು.